ಐದು ಡಾಲರಿನ ಐದು ಚೀಟಿ: ಪೆನ್ಸಿಲ್ವೇನಿಯಾದಲ್ಲಿ ಹಿರಿಯರ ರೈತಸಂತೆ ವೋಚರ್ ಎಷ್ಟು ಉಪಯೋಗ?

ಅಮೆರಿಕದಲ್ಲಿ ಅರವತ್ತು ದಾಟಿದ, ಆದಾಯ ಕಡಿಮೆಯಿರುವ ಹಿರಿಯರಿಗೆ ರೈತರ ಕೈಯಿಂದಲೇ ತಾಜಾ ಹಣ್ಣು ತರಕಾರಿ ಕೊಳ್ಳಲು ಸರ್ಕಾರ ವರ್ಷಕ್ಕೊಮ್ಮೆ ವೋಚರ್, ಅಂದರೆ ದುಡ್ಡಿನ ಬದಲು ನಡೆಯುವ ಚೀಟಿ, ಕೊಡುತ್ತದೆ. ಸೀನಿಯರ್ ಫಾರ್ಮರ್ಸ್ ಮಾರ್ಕೆಟ್ ನ್ಯೂಟ್ರಿಷನ್ ಪ್ರೋಗ್ರಾಂ ಎಂದು ಅದರ ಹೆಸರು. 2001ರಲ್ಲಿ ಪ್ರಯೋಗವಾಗಿ ಶುರುವಾಗಿ 2002ರ ಕೃಷಿ ಕಾಯ್ದೆಯಾದ ಫಾರ್ಮ್ ಬಿಲ್‌ನಲ್ಲಿ ಕಾಯಂ ಆಯಿತು. ದುಡ್ಡು ಕೇಂದ್ರದ ಕೃಷಿ ಇಲಾಖೆಯದು, ನಡೆಸುವುದು ರಾಜ್ಯಗಳು. ಹಾಗಾಗಿ ಒಂದೊಂದು ರಾಜ್ಯದಲ್ಲಿ ಒಂದೊಂದು ಪದ್ಧತಿ. ಇಲ್ಲಿ ನೋಡುತ್ತಿರುವುದು ಪೆನ್ಸಿಲ್ವೇನಿಯಾದ ವ್ಯವಸ್ಥೆಯನ್ನು. ಫಿಲಡೆಲ್ಫಿಯಾ ಸುತ್ತಮುತ್ತ ಕನ್ನಡದ ಮನೆಗಳು ಸಾಕಷ್ಟಿವೆ. ಸೀನಿಯರ್ ಅಪಾರ್ಟ್‌ಮೆಂಟಿನಲ್ಲಿ ತಾವೇ ಅಡುಗೆ ಮಾಡಿಕೊಂಡು ಒಂಟಿಯಾಗಿರುವ ಅಜ್ಜ ಅಜ್ಜಿಯರು ನಿಮ್ಮ ಬಳಗದಲ್ಲೂ ಇರಬಹುದು, ಪಕ್ಕದ ಬೀದಿಯಲ್ಲೂ ಇರಬಹುದು. ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಸಂತೆಗೆ ಹೋಗುವವರಿಗೆ ಬೇಕಾದ ವಿವರವೇ ಇಲ್ಲಿ ಹೆಚ್ಚು.

ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಐದಕ್ಕೆ ಮೂರೂವರೆ ಅಂಕ. ಸಿಗುವ ಮಾಲಿಗೆ ಪೂರ್ತಿ ಅಂಕ ಕೊಡಬಹುದು. ಅರ್ಜಿ ಸುಲಭ, ಬೆಲೆಯಲ್ಲಿ ಮೋಸವಿಲ್ಲ. ಅಂಕ ಕಳೆಯುವುದು ಎರಡು ಕಾರಣಕ್ಕೆ: ಮೊತ್ತ ತೀರಾ ಚಿಕ್ಕದು, ಮತ್ತು ಚೀಟಿ ಕೈಗೆ ಬಂದ ದಿನದಿಂದ ತರಕಾರಿ ಚೀಲಕ್ಕೆ ಬೀಳುವ ದಿನದವರೆಗಿನ ದಾರಿಯಲ್ಲಿ ಹಿರಿಯರ ಜೊತೆ ಯಾರೂ ಇರುವುದಿಲ್ಲ. ಪೆಟ್ಟಿಗೆಯಲ್ಲಿ ಹಾಗೇ ಉಳಿದು ನವೆಂಬರ್ ಕೊನೆಗೆ ಸತ್ತುಹೋಗುವ ಚೀಟಿಗಳ ಹಿಂದೆ ಹೆಚ್ಚಾಗಿ ಇರುವುದು ಈ ಎರಡನೇ ಕಾರಣ.

ಮೊತ್ತ ಎಷ್ಟು ಎಂದರೆ, ಒಬ್ಬರಿಗೆ ವರ್ಷಕ್ಕೆ 20ರಿಂದ 50 ಡಾಲರ್ ಕೊಡಬಹುದು ಎಂಬುದು ಕೇಂದ್ರ ಹಾಕಿದ ಚೌಕಟ್ಟು. ಪೆನ್ಸಿಲ್ವೇನಿಯಾದಲ್ಲಿ 2024ರ ಸಾಲಿಗೆ ಕೊಟ್ಟದ್ದು 5 ಡಾಲರಿನ 5 ಚೀಟಿ, ಅಂದರೆ 25 ಡಾಲರ್. ಗಂಡ ಹೆಂಡತಿ ಇಬ್ಬರೂ ಅರ್ಹರಾದರೆ ಇಬ್ಬರಿಗೂ ಬೇರೆ ಬೇರೆ, ಒಟ್ಟು 50. ಜೂನ್ ಒಂದರಿಂದ ನವೆಂಬರ್ ಮೂವತ್ತರವರೆಗಿನ ಆರು ತಿಂಗಳಿಗೆ ಇಷ್ಟೇ. ಇಡೀ ದೇಶಕ್ಕೆ ಈ ಯೋಜನೆಗೆ ಮೀಸಲಾಗಿರುವುದು ವರ್ಷಕ್ಕೆ ಸುಮಾರು 2 ಕೋಟಿ 6 ಲಕ್ಷ ಡಾಲರ್. ಅಮೆರಿಕದ ಲೆಕ್ಕದಲ್ಲಿ ಅದು ಚಿಲ್ಲರೆ ಕಾಸು, ಆದ್ದರಿಂದಲೇ ಚೀಟಿಗಳು ಎಲ್ಲರಿಗೂ ಸಾಲುವುದಿಲ್ಲ. ಮೊದಲು ಬಂದವರಿಗೆ ಮೊದಲು. ಆಗಸ್ಟಿನಲ್ಲಿ ನೆನಪು ಮಾಡಿಕೊಂಡು ಹೋದರೆ ಕೆಲವು ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥವು) ಬರಿಗೈಯಲ್ಲಿ ವಾಪಸಾಗಬೇಕಾಗುತ್ತದೆ. ಮೇ ತಿಂಗಳ ಮಧ್ಯದಲ್ಲೇ ಫೋನ್ ಮಾಡಿ ಹಂಚುವ ದಿನ ಮತ್ತು ಜಾಗ ಕೇಳಿಟ್ಟುಕೊಳ್ಳಿ.

ಯಾರಿಗೆ ಫೋನ್ ಮಾಡಬೇಕು? ರಾಜ್ಯದ ಕೃಷಿ ಇಲಾಖೆ ಯೋಜನೆಯನ್ನು ನಡೆಸಿದರೂ ಚೀಟಿ ಹಂಚುವುದು ಏರಿಯಾ ಏಜೆನ್ಸಿ ಆನ್ ಏಜಿಂಗ್ ಎಂಬ ಸ್ಥಳೀಯ ಸಂಸ್ಥೆ. ರಾಜ್ಯದ 67 ಕೌಂಟಿಗಳಿಗೆ ಇಂಥ 52 ಸಂಸ್ಥೆಗಳಿವೆ. ಫಿಲಡೆಲ್ಫಿಯಾ ನಗರದವರು ಫಿಲಡೆಲ್ಫಿಯಾ ಕಾರ್ಪೊರೇಷನ್ ಫಾರ್ ಏಜಿಂಗ್ ಅನ್ನು ಕೇಳಬೇಕು. ಹಂಚಿಕೆ ಸಾಮಾನ್ಯವಾಗಿ ಸೀನಿಯರ್ ಸೆಂಟರುಗಳಲ್ಲಿ ನಡೆಯುತ್ತದೆ. ವಯಸ್ಸು ಮತ್ತು ವಿಳಾಸ ತೋರಿಸುವ ಗುರುತಿನ ಚೀಟಿ ಒಂದು ಇದ್ದರೆ ಸಾಕು. ಆದಾಯಕ್ಕೆ ಪೇ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್ ಯಾವುದನ್ನೂ ಕೇಳುವುದಿಲ್ಲ. ಅರ್ಜಿಯಲ್ಲಿ ತಾವೇ ಬರೆದು ಸಹಿ ಹಾಕಬೇಕು. ಆ ಸಹಿಗೆ ಬೆಲೆಯಿದೆ. ಸುಳ್ಳು ಬರೆದರೆ ಹಣ ವಾಪಸು ಕೇಳುವ ಹಕ್ಕು ಸರ್ಕಾರಕ್ಕಿದೆ ಎಂದು ಅದೇ ಹಾಳೆಯಲ್ಲಿ ಮುದ್ರಿಸಿರುತ್ತಾರೆ. ನಡೆಯಲಾಗದವರ ಪರವಾಗಿ ಬೇರೆಯವರು ಹೋಗಿ ತರಬಹುದು. ಅದಕ್ಕೆ ಪ್ರಾಕ್ಸಿ ಫಾರಂ ಎಂಬ ಬೇರೆ ಹಾಳೆಯಿದೆ. ಹಿರಿಯರ ಸಹಿ ಹಾಕಿಸಿಕೊಂಡ ಮೇಲೇ ಹೊರಡಿ. ಮರೆತು ಹೋದರೆ ಆ ದಿನದ ಓಡಾಟ ದಂಡ.

ಆದಾಯದ ಮಿತಿಯನ್ನು ನಮ್ಮವರು ಬಹಳ ಮಂದಿ ತಪ್ಪಾಗಿ ತಿಳಿದುಕೊಳ್ಳುತ್ತಾರೆ, ಸ್ವಲ್ಪ ಬಿಡಿಸಿ ಹೇಳಬೇಕು. ಕೇಂದ್ರ ಘೋಷಿಸುವ ಬಡತನ ರೇಖೆಯ 185 ಶೇಕಡಾ ಮೀರಬಾರದು ಎಂಬುದು ನಿಯಮ. 2025ರ ಲೆಕ್ಕಕ್ಕೆ ಒಂಟಿಯಾಗಿರುವವರಿಗೆ ವರ್ಷಕ್ಕೆ 28,953 ಡಾಲರ್, ಇಬ್ಬರ ಮನೆಗೆ 39,128, ನಾಲ್ವರ ಮನೆಗೆ 59,478. ಇಲ್ಲಿ ‘ಮನೆ’ ಅಂದರೆ ಒಂದೇ ಸಂಪಾದನೆಯಲ್ಲಿ ಬದುಕುವ ಎಲ್ಲರೂ. ಊರಿಂದ ಬಂದು ಮಗನ ಮನೆಯಲ್ಲಿ ಒಂದೇ ಅಡುಗೆಮನೆಯಲ್ಲಿ ಉಣ್ಣುತ್ತಿರುವ ಅಪ್ಪ ಅಮ್ಮನ ಕೈಯಲ್ಲಿ ಒಂದು ಡಾಲರ್ ಆದಾಯವಿಲ್ಲದಿದ್ದರೂ ಮಗ ಸೊಸೆಯ ಸಂಬಳ ಲೆಕ್ಕಕ್ಕೆ ಬರುತ್ತದೆ. ಐಟಿ ಕೆಲಸದ ಮನೆಯಾದರೆ ಅರ್ಹತೆ ಇಲ್ಲ ಎಂದೇ ತಿಳಿಯಿರಿ. ‘ಅಮ್ಮನಿಗೆ ಇನ್‌ಕಮ್ ಇಲ್ಲವಲ್ಲ’ ಎಂದು ಫಾರಂ ತುಂಬುವುದು ಸರಿಯಲ್ಲ. ಚೀಟಿ ಎಣಿಕೆಯವು. ನೀವು ತಂದ ಐದು ಚೀಟಿ ಇನ್ನೊಬ್ಬ ಒಂಟಿ ಅಜ್ಜಿಯ ಪಾಲಿನವು. ಪ್ರವಾಸಿ ವೀಸಾದಲ್ಲಿ ಆರು ತಿಂಗಳಿಗೆ ಬಂದವರಂತೂ ಇದರ ತಂಟೆಗೆ ಹೋಗಬಾರದು. ಗ್ರೀನ್ ಕಾರ್ಡ್ ಇರುವ, ಬೇರೆ ಮನೆ ಮಾಡಿಕೊಂಡು ಇರುವ ಹಿರಿಯರು ಸಹಿ ಹಾಕುವ ಮುನ್ನ ವಲಸೆ ವಕೀಲರನ್ನು ಒಮ್ಮೆ ಕೇಳಿಕೊಳ್ಳಲಿ. ವಲಸಿಗರಿಗೆ ಸಿಗುವ ಸರ್ಕಾರಿ ನೆರವಿನ ನಿಯಮಗಳನ್ನು 2025ರಿಂದ ಮತ್ತೆ ಮತ್ತೆ ತಿದ್ದುತ್ತಿದ್ದಾರೆ.

ಅರ್ಹರಾದವರು ಹೆದರಬೇಕಾಗಿಲ್ಲದ ಒಂದು ವಿಷಯವಿದೆ. ಈ ಚೀಟಿಯ ಮೊತ್ತವನ್ನು ಬೇರೆ ಯಾವ ಯೋಜನೆಯಲ್ಲೂ ಆದಾಯ ಎಂದು ಹಿಡಿಯುವಂತಿಲ್ಲ. ಸ್ನ್ಯಾಪ್ ಎಂಬ ಸರ್ಕಾರಿ ಆಹಾರ ನೆರವು ಕಡಿಮೆಯಾಗುವುದಿಲ್ಲ, ಬಾಡಿಗೆ ರಿಯಾಯಿತಿಗೆ ಕತ್ತರಿ ಬೀಳುವುದಿಲ್ಲ. ‘ಇದು ತೊಗೊಂಡ್ರೆ ಅದು ಕಟ್ ಆಗುತ್ತೇನೋ’ ಎಂದು ಹಿಂಜರಿಯುವ ಹಿರಿಯರಿಗೆ ಇದನ್ನು ಕೂರಿಸಿ ಹೇಳಬೇಕು.

ಇನ್ನು ಸಂತೆ. ಎಲ್ಲ ತರಕಾರಿ ಅಂಗಡಿಯಲ್ಲೂ ಚೀಟಿ ನಡೆಯುವುದಿಲ್ಲ. ಸೂಪರ್ ಮಾರ್ಕೆಟಿನಲ್ಲಿ, ಇಂಡಿಯನ್ ಸ್ಟೋರಿನಲ್ಲಿ ಇಲ್ಲವೇ ಇಲ್ಲ. ರಾಜ್ಯ ಒಪ್ಪಿಗೆ ಕೊಟ್ಟ ರೈತರಲ್ಲಿ ಮಾತ್ರ. ಸಂತೆಯಲ್ಲಿ ಸ್ಟಾಲ್ ಇಟ್ಟವರಾಗಲಿ, ರಸ್ತೆ ಬದಿಯಲ್ಲಿ ತಮ್ಮ ಹೊಲದ ಮುಂದೆ ಮಾರುವವರಾಗಲಿ, ಇಬ್ಬರಿಗೂ ಒಪ್ಪಿಗೆ ಸಿಗುತ್ತದೆ. ಹೋಲ್‌ಸೇಲ್ ಮಂಡಿಯಿಂದ ತಂದು ಮಾರುವ, ತಾನು ಏನೂ ಬೆಳೆಯದ ವ್ಯಾಪಾರಿಗೆ ಸಿಗುವುದಿಲ್ಲ. ಒಂದೇ ಸಂತೆಯಲ್ಲಿ ಹತ್ತು ಸ್ಟಾಲ್ ಇದ್ದರೆ ಆರರಲ್ಲಿ ನಡೆಯಬಹುದು, ನಾಲ್ಕರಲ್ಲಿ ನಡೆಯದಿರಬಹುದು. ಒಪ್ಪಿಗೆ ಇರುವವರು ಚೀಟಿ ಸ್ವೀಕರಿಸುತ್ತೇವೆಂಬ ಬೋರ್ಡ್ ತೂಗುಹಾಕಿರಬೇಕು. ಬೋರ್ಡ್ ಕಾಣದಿದ್ದರೆ ಚೀಲ ತುಂಬುವ ಮೊದಲೇ ಕೇಳಿ. ತೂಕ ಹಾಕಿಸಿ, ಚೀಲ ಕಟ್ಟಿಸಿ, ಹಿಂದೆ ಸಾಲು ನಿಂತಿರುವಾಗ ‘ಇಲ್ಲಿ ನಡೆಯಲ್ಲ’ ಎನ್ನಿಸಿಕೊಂಡ ಹಿರಿಯರು ಎರಡನೇ ಸಲ ಚೀಟಿ ಹಿಡಿದು ಬರುವುದೇ ಇಲ್ಲ.

ಫಿಲಡೆಲ್ಫಿಯಾದಲ್ಲಿ ಮೊದಲ ಸಲ ಹೋಗುವವರಿಗೆ ಬಾಲ್ಟಿಮೋರ್ ಅವೆನ್ಯೂ, 43ನೇ ಬೀದಿಯ ಕ್ಲಾರ್ಕ್ ಪಾರ್ಕ್ ಸಂತೆ ಅನುಕೂಲ. ಫುಡ್ ಟ್ರಸ್ಟ್ ಎಂಬ ಸಂಸ್ಥೆ ನಡೆಸುವ ಇದು ಶನಿವಾರದ ಸಂತೆ, ವರ್ಷವಿಡೀ ಇರುತ್ತದೆ. ಮರದ ನೆರಳಿದೆ, ಪಾರ್ಕಿನಲ್ಲಿ ಕೂರಲು ಬೆಂಚುಗಳಿವೆ. ಅರ್ಧ ಗಂಟೆಗೊಮ್ಮೆ ಕೂರಲೇಬೇಕಾದ ಮೊಣಕಾಲಿಗೆ ಆ ಬೆಂಚು ದೊಡ್ಡ ಉಪಕಾರ. ಭಾನುವಾರದ ಹೆಡ್‌ಹೌಸ್ ಸಂತೆಯಲ್ಲೂ ಮಾಲು ಚೆನ್ನಾಗಿರುತ್ತದೆ, ಮೇಲೆ ಸೂರಿರುವುದರಿಂದ ಮಳೆಯ ಭಯವಿಲ್ಲ, ಜನಜಂಗುಳಿ ಮಾತ್ರ ಜಾಸ್ತಿ. ವಾಕರ್ ಹಿಡಿದು ಬರುವವರನ್ನು ಅಲ್ಲಿಗೆ ಬೆಳಗ್ಗೆ ಬಾಗಿಲು ತೆರೆದ ಮೊದಲ ಅರ್ಧ ಗಂಟೆಯಲ್ಲೇ ಕರೆದೊಯ್ಯುವುದು ಲೇಸು.

ಚೀಟಿ ಹೇಗಿರುತ್ತದೆ, ಹೇಗೆ ಕೊಡಬೇಕು ಎಂಬುದನ್ನು ಹತ್ತಿರದಿಂದ ನೋಡೋಣ. ಬ್ಯಾಂಕ್ ಚೆಕ್ಕಿನ ಅಳತೆಯ ಕಾಗದ. ಮುಂಭಾಗದಲ್ಲಿ ಮೊತ್ತ, ಮುಗಿಯುವ ದಿನ, ಸಹಿಗೆ ಒಂದು ಗೆರೆ, ರೈತನ ನೋಂದಣಿ ಸಂಖ್ಯೆಗೆ ಜಾಗ. ಸಹಿಯನ್ನು ಮನೆಯಲ್ಲೇ ಹಾಕಿಕೊಂಡು ಬರಬಾರದು, ರೈತನ ಎದುರಿಗೇ ಹಾಕಬೇಕು. ರೈತ ತನ್ನ ಸಂಖ್ಯೆಯ ಮುದ್ರೆ ಒತ್ತಿ ಬ್ಯಾಂಕಿಗೆ ಕಟ್ಟುತ್ತಾನೆ. ಮುದ್ರೆಯಿಲ್ಲದ ಚೀಟಿ ಅವನಿಗೆ ವಾಪಸು ಬರುತ್ತದೆ. ಮಡಿಸಿ ಮಡಿಸಿ ಹರಿದ, ನೀರಿನಲ್ಲಿ ನೆಂದ ಚೀಟಿಯನ್ನು ಕಂಡರೆ ರೈತರು ಹಿಂದೆಮುಂದೆ ನೋಡುತ್ತಾರೆ. ಸೆರಗಿನ ಗಂಟಿನಲ್ಲಿ ಇಡುವ ಬದಲು ಒಂದು ಪ್ಲಾಸ್ಟಿಕ್ ಕವರಿನಲ್ಲಿ ನೆಟ್ಟಗೆ ಇಟ್ಟುಕೊಳ್ಳಲಿ. ಕಳೆದುಹೋದರೆ ಇನ್ನೊಂದು ಕೊಡುವುದಿಲ್ಲ.

ನಿಜವಾದ ತೊಂದರೆ ಚಿಲ್ಲರೆಯದು. 5 ಡಾಲರಿನ ಚೀಟಿಗೆ 3 ಡಾಲರ್ 75 ಸೆಂಟಿನ ಟೊಮೆಟೊ ಕೊಂಡರೆ ಉಳಿದ ಒಂದೂಕಾಲು ಡಾಲರ್ ವಾಪಸು ಬರುವುದಿಲ್ಲ, ನಿಯಮವೇ ಹಾಗೆ. ಇಪ್ಪತ್ತೈದು ಡಾಲರಿನಲ್ಲಿ ಹೀಗೆ ಐದು ಸಲ ಆದರೆ ಆರು ಡಾಲರಿಗೂ ಮೇಲೆ ಹೋಯಿತು, ಕಾಲು ಭಾಗ! ಇದನ್ನು ತಪ್ಪಿಸಲು ಎರಡು ದಾರಿ. ಮೊದಲನೆಯದು, ಒಂದೇ ಸ್ಟಾಲಿನಲ್ಲಿ ನಾಲ್ಕೈದು ಬಗೆ ಆರಿಸಿ ‘ಐದಕ್ಕೆ ಸರಿಯಾಗಿ ಮಾಡಿಕೊಡಿ’ ಎಂದು ಕೇಳುವುದು. ಒಂದು ಈರುಳ್ಳಿ, ಎರಡು ಮೆಣಸಿನಕಾಯಿ ಮೇಲೆ ಹಾಕಿ ಸರಿದೂಗಿಸಲು ರೈತರು ಬೇಡವೆನ್ನುವುದು ಅಪರೂಪ. ಎರಡನೆಯದು, ಬಿಲ್ಲನ್ನು 5ಕ್ಕಿಂತ ಅಥವಾ 10ಕ್ಕಿಂತ ಒಂಚೂರು ಮೇಲಕ್ಕೆ ಒಯ್ದು ಉಳಿದದ್ದನ್ನು ನಗದಾಗಿ ಕೊಡುವುದು. 10 ಡಾಲರ್ 60 ಸೆಂಟಾದರೆ ಎರಡು ಚೀಟಿ ಮತ್ತು ಅರವತ್ತು ಸೆಂಟು. ಹಾಗಾಗಿ ಹಿರಿಯರ ಕೈಯಲ್ಲಿ ಕ್ವಾರ್ಟರ್ ನಾಣ್ಯಗಳ ಒಂದು ಪುಟ್ಟ ಪರ್ಸ್ ಇರಲಿ. ಚೀಟಿ ಗಿರಾಕಿ ಎಂದು ಬೆಲೆ ಹೆಚ್ಚಿಸುವಂತಿಲ್ಲ, ಹಿಂದಿನ ದಿನದ ಬಾಡಿದ ಮಾಲನ್ನು ಬೇರೆ ಬುಟ್ಟಿಯಿಂದ ಕೊಡುವಂತಿಲ್ಲ, ಸೇಲ್ಸ್ ಟ್ಯಾಕ್ಸ್ ಹಾಕುವಂತಿಲ್ಲ. ಮೂರೂ ನಿಯಮದಲ್ಲಿ ಇರುವ ಮಾತು.

ಕಾರ್ಡ್ ಪದ್ಧತಿಗೆ ಹೊರಳಿದ ರಾಜ್ಯಗಳಲ್ಲಿ ಈ ಚಿಲ್ಲರೆಯ ನಷ್ಟ ಇಲ್ಲವೇ ಇಲ್ಲ. ರೈತ ಫೋನಿನಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ 3 ಡಾಲರ್ 75 ಸೆಂಟು ಮಾತ್ರ ಕಳೆಯುತ್ತದೆ, ಉಳಿದದ್ದು ಕಾರ್ಡಿನಲ್ಲೇ ಇರುತ್ತದೆ. ಸಿಗ್ನಲ್ ಇಲ್ಲದ ಹಳ್ಳಿಯ ಸಂತೆಯಲ್ಲಿ ಅದು ಕೈಕೊಡಬಹುದು, ಬಾಕಿ ಎಷ್ಟಿದೆ ಎಂದು ಕಣ್ಣಿಗೆ ಕಾಣದೆ ಹಿರಿಯರಿಗೆ ಗೊಂದಲವೂ ಆಗಬಹುದು. ಆದರೂ ಎರಡನ್ನೂ ತೂಗಿ ನೋಡಿದರೆ ಕಾರ್ಡೇ ಮೇಲು.

ಏನು ಕೊಳ್ಳಬಹುದು, ಏನು ಕೂಡದು? ಪೆನ್ಸಿಲ್ವೇನಿಯಾದಲ್ಲಿ ಬೆಳೆದ, ಹಸಿಯಾದ, ಹೆಚ್ಚದ, ಬೇಯಿಸದ ಹಣ್ಣು ತರಕಾರಿಗೆ ಮಾತ್ರ. ಬಾಳೆಹಣ್ಣು, ಕಿತ್ತಳೆ, ನಿಂಬೆ ಇಲ್ಲ, ಅವು ಈ ನೆಲದ ಬೆಳೆಯಲ್ಲ. ಮೊಟ್ಟೆ, ಚೀಸ್, ಬ್ರೆಡ್, ಜಾಮ್, ಸೇಬಿನ ಸೈಡರ್, ಒಣಹಣ್ಣು, ಕಾಯಿಬೀಜ, ಕುಂಡದಲ್ಲಿ ನೆಟ್ಟ ಗಿಡ ಯಾವುದೂ ಇಲ್ಲ. ಜೇನುತುಪ್ಪದ ವಿಷಯದಲ್ಲಿ ಜನ ಮೋಸಹೋಗುತ್ತಾರೆ. ಕೇಂದ್ರದ ನಿಯಮ 2008ರಿಂದ ಅದಕ್ಕೆ ಒಪ್ಪುತ್ತದೆ, ಪೆನ್ಸಿಲ್ವೇನಿಯಾ ಒಪ್ಪುವುದಿಲ್ಲ. ಸಬ್ಬಸಿಗೆ, ಪುದೀನದಂಥ ಸೊಪ್ಪಿನ ಕಟ್ಟಿಗೂ ಕೇಂದ್ರದ ಒಪ್ಪಿಗೆಯಿದೆ. ರಾಜ್ಯದ ಪಟ್ಟಿ ಅದಕ್ಕಿಂತ ಕಿರಿದಾಗಿರಬಹುದು, ಚೀಟಿಯ ಜೊತೆ ಕೊಡುವ ಹಾಳೆಯನ್ನು ಒಮ್ಮೆ ಓದಿಕೊಂಡು ಹೊರಡಿ.

ಇದೇ ಹಿರಿಯರಿಗೆ ಸ್ನ್ಯಾಪ್ ಕಾರ್ಡ್ ಕೂಡ ಇದ್ದರೆ ಎರಡನ್ನೂ ಬೆರೆಸಿ ಬಳಸುವ ಜಾಣತನ ಬೇಕು. ವೋಚರ್ ನೇರವಾಗಿ ರೈತನ ಕೈಗೆ ಹೋಗುತ್ತದೆ. ಸ್ನ್ಯಾಪ್‌ಗೆ ಬಹಳಷ್ಟು ಸಂತೆಗಳಲ್ಲಿ ಮೊದಲು ಮಾಹಿತಿ ಟೇಬಲ್ಲಿಗೆ ಹೋಗಿ ಕಾರ್ಡ್ ಉಜ್ಜಿ ಟೋಕನ್ ತೆಗೆದುಕೊಳ್ಳಬೇಕು. ಟೋಕನ್‌ನಲ್ಲಿ ಮೊಟ್ಟೆ, ಬ್ರೆಡ್, ಜೇನು, ಟೊಮೆಟೊ ಸಸಿ ಎಲ್ಲ ಬರುತ್ತವೆ. ಆದ್ದರಿಂದ ತರಕಾರಿಗೆ ಮೊದಲು ವೋಚರ್ ಮುಗಿಸಿ, ವೋಚರ್ ಮುಟ್ಟದ ಪದಾರ್ಥಗಳಿಗೆ ಟೋಕನ್ ಉಳಿಸಿಕೊಳ್ಳಿ. ಸ್ನ್ಯಾಪ್ ಬಳಸಿದವರಿಗೆ ಹೆಚ್ಚುವರಿ ತರಕಾರಿ ಕೂಪನ್ ಕೊಡುವ ಸಂತೆಗಳೂ ಇವೆ, ಆ ಟೇಬಲ್ಲಿನಲ್ಲೇ ಕೇಳಿ.

ಈಗ ಚೀಲದೊಳಗಿನ ಮಾತು, ಯೋಜನೆ ಗೆಲ್ಲುವುದು ಇಲ್ಲೇ. ಆಂಗ್ಲ ಹೆಸರಿನ ಬೋರ್ಡುಗಳ ನಡುವೆ ನಮ್ಮ ಹಿರಿಯರು ಏನೂ ಗುರುತಾಗದೆ ಟೊಮೆಟೊ ಆಲೂಗಡ್ಡೆ ಹಿಡಿದು ವಾಪಸು ಬರುತ್ತಾರೆ. ಕೋಲ್ರಾಬಿ ಎಂದು ಬರೆದಿರುವುದು ನಮ್ಮ ನವಿಲುಕೋಸು. ಜೂನ್‌ನಲ್ಲಿ ಎಲೆಯ ಸಮೇತ ಬರುತ್ತದೆ, ಎಲೆ ಪಲ್ಯಕ್ಕೆ, ಗಡ್ಡೆ ಹುಳಿಗೆ, ಒಂದು ಕಟ್ಟಿನಲ್ಲಿ ಎರಡು ಅಡುಗೆ. ಮುಷ್ಟಿಗಿಂತ ದೊಡ್ಡದನ್ನು ಕೊಳ್ಳಬೇಡಿ, ಒಳಗೆ ನಾರು ಕಟ್ಟಿರುತ್ತದೆ, ಹಲ್ಲಿಲ್ಲದವರಿಗೆ ಅಗಿಯಲಾಗದು. ಬೀಟ್‌ರೂಟನ್ನೂ ಸೊಪ್ಪಿನ ಜೊತೆಗೇ ಕೊಳ್ಳಿ. ಮನೆಗೆ ಬಂದ ತಕ್ಷಣ ಸೊಪ್ಪನ್ನು ಕತ್ತರಿಸಿ ಬೇರೆ ಇಡಿ, ಬಿಟ್ಟರೆ ಅದು ಗಡ್ಡೆಯ ನೀರನ್ನು ಎಳೆದು ಎರಡೇ ದಿನದಲ್ಲಿ ಮೆತ್ತಗೆ ಮಾಡುತ್ತದೆ. ಸ್ವಿಸ್ ಚಾರ್ಡ್ ಎಂಬ ಬಣ್ಣದ ದಂಟಿನ ಸೊಪ್ಪು ಮಸ್ಸೊಪ್ಪಿಗೆ ಒಗ್ಗುತ್ತದೆ. ಕೆರಿಬಿಯನ್ ಗಿರಾಕಿಗಳಿರುವ ಕಡೆ ಕಲಲೂ ಎಂದು ಮಾರುವುದು ಬಹಳ ಸಲ ನಮ್ಮ ಹರಿವೆ ಸೊಪ್ಪೇ. ಡಿಲ್ ಅಂದರೆ ಸಬ್ಬಸಿಗೆ, ಅಕ್ಕಿರೊಟ್ಟಿಗೆ ಬೇರೇನು ಬೇಕು? ಬಟರ್‌ನಟ್ ಸ್ಕ್ವಾಷ್ ಸಿಹಿಗುಂಬಳದ ಜಾಗಕ್ಕೆ ಸಲೀಸಾಗಿ ಕೂರುತ್ತದೆ.

ಕಾಲ ನೋಡಿ ಚೀಟಿ ಒಡೆಯುವುದು ಮುಖ್ಯ. ಜೂನ್ ಮೊದಲ ಎರಡು ವಾರ ಸ್ಟ್ರಾಬೆರಿ, ಆಮೇಲೆ ಸಿಗುವುದು ಕಷ್ಟ. ಜುಲೈ ನಡುವಿನಿಂದ ಸೆಪ್ಟೆಂಬರ್‌ವರೆಗೆ ಜೋಳ, ಟೊಮೆಟೊ, ಬೀನ್ಸ್, ಬದನೆ, ಪೀಚ್ ಹಣ್ಣು. ಹೆಚ್ಚು ತೂಕ ಸಿಗುವುದು ಈ ದಿನಗಳಲ್ಲೇ, ಐದರಲ್ಲಿ ಮೂರು ಚೀಟಿಯನ್ನು ಇಲ್ಲಿಗೆ ಮೀಸಲಿಡಬಹುದು. ಸಿಹಿಜೋಳವನ್ನು ಕೊಂಡ ದಿನವೇ ಬೇಯಿಸಬೇಕು. ಕಿತ್ತ ಗಳಿಗೆಯಿಂದ ಅದರ ಸಕ್ಕರೆ ಹಿಟ್ಟಾಗುತ್ತಾ ಹೋಗುತ್ತದೆ. ಟೊಮೆಟೊ ಫ್ರಿಜ್ಜಿಗೆ ಬೇಡ, ತೊಟ್ಟು ಕೆಳಗೆ ಮಾಡಿ ಕಟ್ಟೆಯ ಮೇಲಿಡಿ. ಗಟ್ಟಿಯಾದ ಪೀಚನ್ನು ಕಾಗದದ ಚೀಲದಲ್ಲಿ ಎರಡು ದಿನ ಇಟ್ಟರೆ ಹಣ್ಣಾಗುತ್ತದೆ. ಬೆಲೆಯೆಲ್ಲ ಪೌಂಡ್ ಲೆಕ್ಕದಲ್ಲಿರುತ್ತದೆ. ಒಂದು ಪೌಂಡ್ ಅಂದರೆ 454 ಗ್ರಾಂ, ಅರ್ಧ ಕೆಜಿಗಿಂತ ಸ್ವಲ್ಪ ಕಡಿಮೆ. ಒಬ್ಬರೇ ಇರುವವರಿಗೆ ಒಂದು ಸಲಕ್ಕೆ ಎರಡು ಮೂರು ಪೌಂಡಿಗಿಂತ ಹೆಚ್ಚು ಹಸಿ ಮಾಲು ಕೊಡಿಸಬೇಡಿ. ಪುಟ್ಟ ಫ್ರಿಜ್ಜಿನಲ್ಲಿ ಕೊಳೆತದ್ದನ್ನು ಎಸೆಯುವಾಗ ಅವರಿಗೆ ಆಗುವ ಸಂಕಟ ನಮಗಿಂತ ಹೆಚ್ಚು. ಹೊತ್ತು ಮೆಟ್ಟಿಲು ಹತ್ತುವುದೂ ಕಷ್ಟ.

ಔಷಧದ ಬಗ್ಗೆ ಒಂದು ಎಚ್ಚರಿಕೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನುಂಗುವವರು ಸಂತೆಯ ಹುರುಪಿನಲ್ಲಿ ಒಮ್ಮೆಲೇ ದಿನಾ ಸೊಪ್ಪು ತಿನ್ನತೊಡಗಿದರೆ ಅದರಲ್ಲಿರುವ ವಿಟಮಿನ್ ಕೆ ಔಷಧದ ಬಲವನ್ನು ಕುಗ್ಗಿಸುತ್ತದೆ. ಸೊಪ್ಪು ಬಿಡಬೇಕಿಲ್ಲ, ವಾರದಿಂದ ವಾರಕ್ಕೆ ಒಂದೇ ಅಳತೆಯಲ್ಲಿರಬೇಕು. ಮೂತ್ರಪಿಂಡದ ತೊಂದರೆ ಇರುವವರು ಟೊಮೆಟೊ, ಆಲೂಗಡ್ಡೆ ಎಷ್ಟು ತಿನ್ನಬಹುದೆಂದು ಡಾಕ್ಟರನ್ನು ಕೇಳಬೇಕು, ಪೊಟ್ಯಾಸಿಯಂ ಹೆಚ್ಚಿರುವ ತರಕಾರಿಗಳವು.

ಯೋಜನೆ ನಡೆಸುವವರಲ್ಲಿ ಒಂದು ಬೇಡಿಕೆ. ಚೀಟಿ ಹಂಚುವ ದಿನವೇ, ಸೀನಿಯರ್ ಸೆಂಟರಿನ ಅಂಗಳದಲ್ಲೇ ಇಬ್ಬರು ಮೂವರು ರೈತರ ಸ್ಟಾಲ್ ಹಾಕಿಸಬೇಕು. ಬಸ್ ಎರಡು ಬದಲಿಸಿ ಸಂತೆಗೆ ಹೋಗಲಾಗದವರು ಅಲ್ಲೇ ಕೊಂಡುಕೊಳ್ಳುತ್ತಾರೆ, ರೈತನಿಗೂ ಒಂದೇ ಬೆಳಗ್ಗೆ ಒಳ್ಳೆಯ ವ್ಯಾಪಾರ. ಹಾಗೆ ಮಾಡುವ ಕಡೆಗಳಲ್ಲಿ ಚೀಟಿ ಉಳಿಯುವ ಮಾತೇ ಕಡಿಮೆ. ಅದಾಗುವ ತನಕ ಕಾರಿರುವವರ ನೆರವೇ ಗತಿ. ಮಡಚುವ ಗಾಲಿ ಚೀಲ, ಒಂದು ಬಾಟಲಿ ನೀರು, ಹಗುರ ಕುರ್ಚಿ, ಪೆನ್ನು, ಇಷ್ಟು ಡಿಕ್ಕಿಯಲ್ಲಿ ಇರಲಿ. ಆರಿಸುವುದನ್ನು ಮಾತ್ರ ಅವರಿಗೇ ಬಿಡಿ. ಬೆಂಡೆಕಾಯಿಯ ತುದಿ ಮುರಿದು ನೋಡುವ ಕೈ ಅವರದು, ಎಳೆಯದು ಯಾವುದು ಬಲಿತದ್ದು ಯಾವುದು ಎಂದು ನಮಗಿಂತ ಅವರಿಗೆ ಗೊತ್ತು.

ನವೆಂಬರ್ ಮೂರನೇ ವಾರ ಒಮ್ಮೆ ಫೋನ್ ಮಾಡಿ ‘ಚೀಟಿ ಎಷ್ಟು ಉಳಿದಿವೆ ಅಮ್ಮಾ?’ ಎಂದು ಕೇಳಿ. ಮೂವತ್ತನೇ ತಾರೀಖು ದಾಟಿದರೆ ಅವು ಬರೀ ಕಾಗದ. ಆ ವಾರದ ಸಂತೆಯಲ್ಲಿ ಸೊಪ್ಪು ತೆಳುವಾಗಿರುತ್ತದೆ, ಆದರೆ ಇಟ್ಟರೆ ಕೆಡದ ಮಾಲು ರಾಶಿ ಬಿದ್ದಿರುತ್ತದೆ: ಬಟರ್‌ನಟ್, ಆಲೂಗಡ್ಡೆ, ಈರುಳ್ಳಿ, ಎಲೆಕೋಸು, ಸೇಬು. ತೊಟ್ಟು ಮುರಿಯದ, ಉಗುರು ಊರದಷ್ಟು ಗಟ್ಟಿ ಸಿಪ್ಪೆಯ ಬಟರ್‌ನಟ್ ಆರಿಸಿ. ಹೀಟರಿನಿಂದ ದೂರ, ತಂಪಾದ ಮೂಲೆಯಲ್ಲಿ ಕಾಗದದ ಮೇಲಿಟ್ಟರೆ ಸಂಕ್ರಾಂತಿಯ ಹೊತ್ತಿಗೂ ಹುಳಿಗೆ ಬರುತ್ತದೆ. ಈರುಳ್ಳಿ ಆಲೂಗಡ್ಡೆಯನ್ನು ಒಂದೇ ಬುಟ್ಟಿಯಲ್ಲಿ ಇಡಬೇಡಿ, ಆಲೂಗಡ್ಡೆ ಬೇಗ ಮೊಳಕೆ ಒಡೆಯುತ್ತದೆ.